ನಾಣಿಯ ಒಂಟಿತನ

ಮಲೆನಾಡಿನ ಮನೆಗಳು ಒಂದಕ್ಕೊಂದು ಒರಗಿಕೊಂಡು ಕುಳಿತವುಗಳಲ್ಲ. ಬಯಲುಸೀಮೆಯಲ್ಲಿ ಹತ್ತು ಮನೆ ಸೇರಿದರೆ ಒಂದು ಬೀದಿ, ನಾಲ್ಕು ಬೀದಿ ಸೇರಿದರೆ ಒಂದು ಹಳ್ಳಿ. ಮೂಡಿಗೆರೆಯಿಂದ ಕಳಸದವರೆಗಿನ ಗುಡ್ಡಸಾಲಿನಲ್ಲಾದರೋ ಒಂದು ಕಣಿವೆಗೆ ಒಂದು ಮನೆ, ಅದಕ್ಕೊಂದು ಗದ್ದೆ, ಒಂದು ತೋಟ, ಒಂದು ಹೆಸರು. ನೆರೆಮನೆಯ ನಾಯಿ ಬೊಗಳಿದರೆ ಕೇಳಿಸೀತು, ನೆರೆಮನೆಯ ದೀಪ ಕಾಣಿಸದು. ಇಂಥ ಮನೆಯಲ್ಲಿ ಹುಟ್ಟಿದ ಮಗುವಿಗೆ ಕೊಟ್ಟಿಗೆಯ ಕರು, ಒಲೆಯ ಮುಂದಿನ ಬೆಕ್ಕು, ಜಗಲಿಯ ಕಂಬ, ಇವೇ ಜತೆಗಾರರು. ಆಷಾಢದ ಮಳೆ ಹಿಡಿದು ಹಳ್ಳದ ಮೇಲಣ ಕಾಲುಸಂಕ ಮುಳುಗಿತೆಂದರೆ ಹೊರಗಿನ ಪ್ರಪಂಚವೇ ಮುಳುಗಿದಂತೆ. ಮಗು ಹೊಸ್ತಿಲಲ್ಲಿ ಕುಳಿತು ಸೂರಿನಿಂದ ಇಳಿಯುವ ನೀರನ್ನು ನೋಡುತ್ತ ದಿನಗಳನ್ನು ಕಳೆಯುವುದು. ಈ ಬೆಟ್ಟಗಳಲ್ಲಿ ಬೆಳೆದವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ.

ಆದರೆ ಇದನ್ನು ಒಂಟಿತನವೆಂದು ಕರೆಯುವುದು ಸರಿಯಲ್ಲ. ಇದು ಏಕಾಂತ. ಒಳಗೆ ಅಡಿಗೆಮನೆಯಲ್ಲಿ ತಾಯಿಯ ಬಳೆಯ ಸದ್ದು ಕೇಳುತ್ತಿರುವವರೆಗೆ ಹೊರಗಿನ ನಿರ್ಜನತೆ ಮಗುವನ್ನು ಏನೂ ಮಾಡಲಾರದು. ಒಂಟಿತನದ ಮರ್ಮವನ್ನು ಹೇಳಿದುದು ಬೃಹದಾರಣ್ಯಕೋಪನಿಷತ್ತು. ಸೃಷ್ಟಿಯ ಆದಿಯಲ್ಲಿ ಒಬ್ಬನೇ ಇದ್ದ ಪುರುಷನು ಮೊದಲು ಅಂಜಿದನಂತೆ. ತನ್ನನ್ನು ಬಿಟ್ಟು ಬೇರೆ ಯಾರೂ ಇಲ್ಲದಿರುವಾಗ ಅಂಜುವುದು ಯಾರಿಗೆ ಎಂದು ಆಲೋಚಿಸಿ ನಿರ್ಭಯನಾದನಂತೆ. ಭಯವು ಹುಟ್ಟುವುದು ಎರಡನೆಯವರಿಂದಷ್ಟೆ. ಆದರೂ ಒಬ್ಬನೇ ಇರುವುದರಲ್ಲಿ ಅವನಿಗೆ ಸಂತೋಷವಾಗಲಿಲ್ಲವಾಗಿ ಎರಡನೆಯವರನ್ನು ಬಯಸಿದನಂತೆ. ಎರಡನೆಯವರಿದ್ದರೆ ಭಯ, ಇಲ್ಲದಿದ್ದರೆ ಸಂತೋಷವಿಲ್ಲ! ಹಾಗಾದರೆ ಸುತ್ತಲೂ ಜನರಿದ್ದು, ಆ ಜನರಿಂದ ಭಯ ಮಾತ್ರ ಲಭಿಸಿ ಸಂತೋಷ ಲಭಿಸದಿರುವ ಸ್ಥಿತಿಯನ್ನು ಏನೆನ್ನಬೇಕು? ಅದೇ ನಿಜವಾದ ಒಂಟಿತನ. ಅದು ಬೆಟ್ಟದ ಒಂಟಿಮನೆಯಲ್ಲಿ ಹುಟ್ಟುವುದಲ್ಲ; ಮಗುವು ಆ ಮನೆಯನ್ನು ಬಿಟ್ಟು ಪರರ ಮನೆಯ ಜಗಲಿಯಲ್ಲಿ ಹತ್ತು ಜನರ ನಡುವೆ ಚಾಪೆ ಹಾಸಿಕೊಂಡು ಮಲಗುವ ಮೊದಲನೆಯ ರಾತ್ರಿಯಲ್ಲಿ ಹುಟ್ಟುವುದು.

ಹಾಗೆ ಮನೆ ಬಿಟ್ಟು ಹೊರಟ ಬಾಲಕರು ಈ ಸೀಮೆಗೆ ಹೊಸಬರಲ್ಲ. ಉಪನಯನವಾದ ಹುಡುಗನನ್ನು ತಂದೆಯು ಕೈಹಿಡಿದುಕೊಂಡು ಕಾಡುದಾರಿಯಲ್ಲಿ ನಡೆಯಿಸಿ, ವೇದವನ್ನೋ ಸಂಸ್ಕೃತವನ್ನೋ ಕಲಿಯಲೆಂದು ಪಾಠಶಾಲೆಗೆ ಬಿಟ್ಟುಬರುತ್ತಿದ್ದ ಕಾಲವಿದ್ದಿತು. ಸಿರಿವಂತಿಕೆಯಿಲ್ಲದ ಹುಡುಗರು ವಾರಾನ್ನದಿಂದ ಓದಿದರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಏಳು ಮನೆಗಳಲ್ಲಿ ಉಂಡ ಹುಡುಗನಿಗೆ ಒಂದು ಮನೆಯೂ ತನ್ನದೆನಿಸುತ್ತಿರಲಿಲ್ಲ. ಅವರಲ್ಲಿ ಹಲವರು ಮುಂದೆ ವಿದ್ವಾಂಸರಾದರು, ಅಧ್ಯಾಪಕರಾದರು, ಪುರೋಹಿತರಾದರು. ತಾವು ಕಲಿತ ಶಾಸ್ತ್ರಗಳ ಮೇಲೆ ವ್ಯಾಖ್ಯಾನಗಳನ್ನು ಬರೆದರು. ಆ ಮೊದಲನೆಯ ರಾತ್ರಿಯ ವಿಷಯವನ್ನು ಮಾತ್ರ ಬರೆದವರು ವಿರಳ. ಅದು ಬರೆಯತಕ್ಕ ವಿಷಯವೆಂದು ಅವರಿಗೆ ಯಾರೂ ಕಲಿಸಿರಲಿಲ್ಲ.

ಅದನ್ನು ಬರೆದವರು ಯು. ಆರ್. ಅನಂತಮೂರ್ತಿಯವರು, ಚಿತ್ರವಾಗಿಸಿದವರು ಗಿರೀಶ ಕಾಸರವಳ್ಳಿಯವರು. ಇಬ್ಬರೂ ಕೊಪ್ಪದ ನೆರೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಹುಟ್ಟಿದವರು. ಆದುದರಿಂದ ಅವರ ಮಳೆಯೂ ಮಂಜೂ ಈ ಕಡೆಯ ವಾಚಕರಿಗೆ ಪರಿಚಿತವಾದುವೇ. ಅನಂತಮೂರ್ತಿಯವರ ‘ಘಟಶ್ರಾದ್ಧ’ವೆಂಬ ಕಥೆಯನ್ನು ಅದೇ ಹೆಸರಿನಿಂದ ೧೯೭೭ರಲ್ಲಿ ಚಲಚ್ಚಿತ್ರವನ್ನಾಗಿ ಮಾಡಿದಾಗ ಕಾಸರವಳ್ಳಿಯವರು ಮೂವತ್ತು ತುಂಬದ ತರುಣರು, ಪುಣೆಯ ಚಲಚ್ಚಿತ್ರ ವಿದ್ಯಾಲಯದಿಂದ ಹೊರಬಂದು ಹೆಚ್ಚು ಕಾಲವಾಗಿರಲಿಲ್ಲ. ಅದು ಅವರ ಮೊದಲನೆಯ ದೊಡ್ಡ ಚಿತ್ರ. ಸದಾನಂದ ಸುವರ್ಣರು ಅದರ ನಿರ್ಮಾಪಕರು, ಎಸ್. ರಾಮಚಂದ್ರರು ಛಾಯಾಗ್ರಾಹಕರು. ಬಣ್ಣದ ಚಿತ್ರಗಳು ಬಳಕೆಗೆ ಬಂದಿದ್ದ ಕಾಲದಲ್ಲಿ ಇದು ಕಪ್ಪು ಬಿಳುಪಿನಲ್ಲಿ ಬಂದಿತು. ಮಲೆನಾಡಿನ ಮಳೆಗಾಲವನ್ನು ಕಂಡವರು ಅದನ್ನು ಕೊರತೆಯೆಂದು ಎಣಿಸಲಾರರು. ಶ್ರಾವಣದ ಹಗಲಿನಲ್ಲಿ ಇಲ್ಲಿ ಬಣ್ಣವೆಂಬುದು ಉಳಿಯುವುದಾದರೂ ಎಷ್ಟು? ಆ ವರ್ಷದ ಅತ್ಯುತ್ತಮ ಚಿತ್ರಕ್ಕೆ ಸಲ್ಲುವ ರಾಷ್ಟ್ರಪ್ರಶಸ್ತಿ, ಸ್ವರ್ಣಕಮಲ, ಇದಕ್ಕೆ ಸಂದಿತು. ಸಂಗೀತಕ್ಕಾಗಿ ಬಿ. ವಿ. ಕಾರಂತರಿಗೂ, ನಾಣಿಯೆಂಬ ಬಾಲಕನ ಪಾತ್ರವನ್ನು ವಹಿಸಿದ ಅಜಿತ್‌ಕುಮಾರನಿಗೂ ಪ್ರಶಸ್ತಿಗಳು ಬಂದುವು.

ಕಥೆಯನ್ನು ಬಲ್ಲವರು ಅನೇಕರಿರಬಹುದಾದರೂ ಅದರ ಎಳೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವುದು ಉಚಿತ. ಕಳೆದ ಶತಮಾನದ ಮೊದಲ ಭಾಗ, ಒಂದು ಅಗ್ರಹಾರ, ಶೇಷಗಿರಿ ಉಡುಪರೆಂಬ ವೃದ್ಧರ ಮನೆಯಲ್ಲಿ ಒಂದು ವೇದಪಾಠಶಾಲೆ. ಅಲ್ಲಿಗೆ ನಾಣಿಯೆಂಬ ಎಳೆಯ ವಟುವನ್ನು ಅವನ ತಂದೆ ತಂದುಬಿಡುತ್ತಾನೆ. ಹಿರಿಯ ವಿದ್ಯಾರ್ಥಿಗಳು ಅವನನ್ನು ಕಾಡುತ್ತಾರೆ. ಮನೆಯ ನೆನಪಿನಿಂದ ಕುಗ್ಗಿದ ಹುಡುಗನನ್ನು ಹತ್ತಿರ ಕರೆದು ಸಂತೈಸುವವಳು ಉಡುಪರ ಮಗಳು ಯಮುನೆ. ಅವಳು ಬಾಲವಿಧವೆ. ಹುಡುಗನಿಗೆ ಅವಳು ಯಮುನಕ್ಕ. ಊರಿನ ಶಾಲೆಯ ಉಪಾಧ್ಯಾಯನೊಬ್ಬನ ಸಂಬಂಧದಿಂದ ಯಮುನೆ ಗರ್ಭಿಣಿಯಾಗಿದ್ದಾಳೆ. ಉಡುಪರು ಪಾಠಶಾಲೆಗೆ ಹಣ ಕೂಡಿಸಲೆಂದು ಪರಸ್ಥಳಕ್ಕೆ ಹೋದಾಗ ವಿಷಯ ಬಯಲಿಗೆ ಬೀಳುವುದು, ಪಾಠಶಾಲೆ ಬರಿದಾಗುವುದು, ಉಡುಪರು ಹಿಂದಿರುಗಿ ಬಂದು ಬದುಕಿರುವ ಮಗಳಿಗೆ ಘಟಶ್ರಾದ್ಧವನ್ನು ಮಾಡಿ ಕೈತೊಳೆದುಕೊಳ್ಳುತ್ತಾರೆ. ಮೀನಾ ಕುಟ್ಟಪ್ಪನವರು ಯಮುನೆಯಾಗಿ ಅಭಿನಯಿಸಿರುವರು.

ಈ ಚಿತ್ರವನ್ನು ಕುರಿತು ಬರೆದವರು ಸಾಮಾನ್ಯವಾಗಿ ವಿಧವೆಯ ಪಾಡನ್ನೂ ಸಂಪ್ರದಾಯದ ಕ್ರೌರ್ಯವನ್ನೂ ಎತ್ತಿ ಆಡಿದ್ದಾರೆ. ಅದು ಸರಿಯಾದುದೇ. ಆದರೆ ಅಷ್ಟನ್ನು ಹೇಳಿ ಬಿಟ್ಟರೆ ಚಿತ್ರದ ಅರ್ಧವು ಮಾತ್ರ ಹೇಳಲ್ಪಟ್ಟಂತೆ. ಇಡೀ ಕಥೆಯನ್ನು ಕಾಣುವವನು ನಾಣಿ. ಅವನು ಕಂಡಷ್ಟೇ ಪ್ರೇಕ್ಷಕನಿಗೂ ಕಾಣುವುದು. ಅವನಿಗೆ ಅರ್ಥವಾಗದುದು ಪ್ರೇಕ್ಷಕನಿಗೆ ಅರ್ಥವಾಗುವುದು, ಅದೇ ಸಂಕಟ.

ಅಲಂಕಾರಶಾಸ್ತ್ರವನ್ನು ಅಭ್ಯಾಸ ಮಾಡಿದವರಿಗೆ ಇಲ್ಲೊಂದು ವಿಶೇಷ ತೋರುವುದು. ಭರತನು ಹೇಳಿದ ಎಂಟು ರಸಗಳಲ್ಲಿ ಮಗುವಿಗೆ ಪ್ರತ್ಯೇಕವಾದ ಸ್ಥಾನವಿಲ್ಲ. ಹದಿನಾಲ್ಕನೆಯ ಶತಮಾನದ ವಿಶ್ವನಾಥನು ತನ್ನ ಸಾಹಿತ್ಯದರ್ಪಣದಲ್ಲಿ ವತ್ಸಲವೆಂಬ ರಸವನ್ನು ಒಪ್ಪಿಕೊಂಡು ಈ ಕೊರತೆಯನ್ನು ಸ್ವಲ್ಪ ತುಂಬಿದನು. ಆದರೆ ಅವನ ವಿವರಣೆಯನ್ನು ಗಮನಿಸಬೇಕು. ಅಲ್ಲಿ ಮಗುವು ಆಲಂಬನ. ಮಗುವಿನ ಚೇಷ್ಟೆಗಳೂ, ವಿದ್ಯೆಯೂ, ಶೌರ್ಯವೂ ಉದ್ದೀಪನ. ಅಪ್ಪಿಕೊಳ್ಳುವುದು, ತಲೆಯನ್ನು ಮುದ್ದಿಡುವುದು, ನೆಟ್ಟ ನೋಟದಿಂದ ನೋಡುವುದು, ಕಣ್ಣೀರು, ಇವು ಅನುಭಾವ. ಎಂದರೆ ನೋಡುವವರು ದೊಡ್ಡವರು, ನೋಡಿಸಿಕೊಳ್ಳುವುದು ಮಗು. ಭಾವವು ನೆಲೆಸುವುದು ತಾಯಿತಂದೆಗಳ ಎದೆಯಲ್ಲಿ. ಮಗುವಿನ ಎದೆಯಲ್ಲಿ ಏನು ನೆಲೆಸಿತ್ತೆಂಬುದನ್ನು ಶಾಸ್ತ್ರವು ಕೇಳಲಿಲ್ಲ. ಕಾವ್ಯಗಳೂ ಬಹುಮಟ್ಟಿಗೆ ಈ ದಾರಿಯಲ್ಲಿಯೇ ನಡೆದುವು. ರಾಘವಾಂಕನ ಹರಿಶ್ಚಂದ್ರಕಾವ್ಯದಲ್ಲಿ ಲೋಹಿತಾಶ್ವನು ಪರರ ಮನೆಯ ಆಳಾಗಿ ದರ್ಭೆ ತರಲು ಕಾಡಿಗೆ ಹೋಗಿ, ಹುತ್ತದ ಮೇಲಣ ಹುಲ್ಲಿಗೆ ಕೈಯಿಟ್ಟು ಹಾವು ಕಚ್ಚಿ ಬೀಳುತ್ತಾನೆ. ಜತೆಯ ಹುಡುಗರು ಓಡಿಹೋಗುತ್ತಾರೆ. ಅಲ್ಲಿಂದ ಮುಂದೆ ಕವಿಯ ಪ್ರತಿಭೆಯೆಲ್ಲವೂ ರಾತ್ರಿಯಲ್ಲಿ ಮಗನನ್ನು ಹುಡುಕಿಕೊಂಡು ಹೊರಟ ಚಂದ್ರಮತಿಯ ಬೆನ್ನು ಹತ್ತುವುದು. ಅದು ಕನ್ನಡದ ಅತ್ಯಂತ ಕರುಣಾಜನಕವಾದ ಭಾಗಗಳಲ್ಲೊಂದೆಂಬುದರಲ್ಲಿ ಸಂಶಯವಿಲ್ಲ. ಆದರೆ ಓಡಿಹೋಗುತ್ತಿರುವ ಗೆಳೆಯರ ಬೆನ್ನನ್ನು ನೋಡುತ್ತ ಬಿದ್ದಿದ್ದ ಬಾಲಕನಿಗೆ ಆ ಗಳಿಗೆಯಲ್ಲಿ ಜಗತ್ತು ಹೇಗೆ ಕಂಡಿತು? ಗೋವಿನ ಹಾಡನ್ನು ಕೇಳಿದ ಕನ್ನಡದ ಮಕ್ಕಳು ಮಾತ್ರ ಇದನ್ನು ಸ್ವಲ್ಪ ಬಲ್ಲರು. ತಾಯಿಯಿಲ್ಲದೆ ಮುಂದೇನು ಗತಿಯೆಂದು ಕೇಳುವ ಆ ಕರುವಿಗೆ ಸ್ವಂತ ಮಾತುಂಟು. ಪಂಡಿತರ ಕಾವ್ಯಕ್ಕಿಂತ ಜನರ ಹಾಡು ಈ ಒಂದು ವಿಷಯದಲ್ಲಿ ಮುಂದಿತ್ತೆನ್ನಬೇಕು.

‘ಘಟಶ್ರಾದ್ಧ’ದಲ್ಲಿ ನಡೆದಿರುವುದು ಇದರ ವಿಪರ್ಯಾಸ. ಮಗುವೇ ಇಲ್ಲಿ ಆಶ್ರಯ. ಭಾವವು ಅವನ ಎದೆಯಲ್ಲಿ ನೆಲೆಸಿದೆ. ದೊಡ್ಡವರೆಲ್ಲರೂ ಅವನ ನೋಟಕ್ಕೆ ವಿಷಯವಾಗಿರುವರು. ಶಾಸ್ತ್ರದ ದೃಷ್ಟಿಯಿಂದ ಈ ಭಾವಕ್ಕೆ ಏನು ಹೆಸರು? ಶೋಕವೆನ್ನಲು ಯಾರೂ ಸತ್ತಿಲ್ಲ. ಭಯವೆನ್ನಲು, ಹುಡುಗನು ಯಮುನಕ್ಕನ ಬಳಿಯಲ್ಲಿರುವಾಗ ಭಯಕ್ಕಿಂತ ಹೆಚ್ಚಿನದೊಂದು ಅವನ ಮುಖದಲ್ಲಿ ಕಾಣುವುದು. ವತ್ಸಲವೆನ್ನೋಣವೆಂದರೆ ಇಲ್ಲಿ ಮಗುವೇ ದೊಡ್ಡವಳನ್ನು ಕಾಯುತ್ತಿದೆ. ಹೆಸರಿಲ್ಲದ ಈ ಭಾವವನ್ನು ಸುಮ್ಮನೆ ಒಂಟಿತನವೆಂದು ಕರೆಯುತ್ತೇವೆಂದರೂ ಅದರ ಕಾರಣವನ್ನು ಹೇಳಬೇಕು. ನಾಣಿ ಒಂಟಿಯಾದುದು ತಾಯಿ ಬಳಿಯಲ್ಲಿಲ್ಲವೆಂದಲ್ಲ. ಆ ದುಃಖವನ್ನು ಯಮುನಕ್ಕ ಮೊದಲ ದಿನಗಳಲ್ಲಿಯೇ ಒರಸಿದಳು. ಅವನು ಒಂಟಿಯಾದುದು, ಕಾಣಬಾರದುದನ್ನು ಕಂಡು, ಕಂಡುದನ್ನು ಯಾರಿಗೂ ಹೇಳಲಾರದೆ ಇದ್ದುದರಿಂದ. ಹೇಳಿದರೆ ಯಮುನಕ್ಕ ಕೆಡುವಳು. ಹೇಳದಿದ್ದರೆ ಒಳಗೆ ಬೇಯುವುದು. ಹೇಳಬೇಕೆಂದರೂ ಅದನ್ನು ಹೇಳುವ ಶಬ್ದಗಳು ಅವನಲ್ಲಿಲ್ಲ. ಅವನಿಗೆ ಕಲಿಸುತ್ತಿರುವ ಮಂತ್ರಗಳಲ್ಲಿಯೂ ಅವು ಇಲ್ಲ.

ಸತ್ಯಜಿತ್ ರಾಯರ ‘ಪಥೇರ್ ಪಾಂಚಾಲಿ’ (೧೯೫೫) ಎಂಬ ಬಂಗಾಳಿ ಚಿತ್ರವನ್ನು ನೋಡಿದವರಿಗೆ ಅಪು ಎಂಬ ಬಾಲಕನ ನೆನಪಿರುವುದು. ಅಕ್ಕ ದುರ್ಗಾ ತೀರಿಹೋದ ಮೇಲೆ, ಮನೆ ಬಿಟ್ಟು ಹೊರಡುವ ಸಮಯದಲ್ಲಿ, ಹಿಂದೊಮ್ಮೆ ಅವಳು ಕದ್ದಳೆಂದು ಆರೋಪ ಬಂದಿದ್ದ ಹಾರವು ಅವನ ಕೈಗೆ ಸಿಕ್ಕುವುದು. ಅವನು ಅದನ್ನು ಯಾರಿಗೂ ತೋರಿಸದೆ ಕೊಳಕ್ಕೆ ಎಸೆಯುತ್ತಾನೆ. ನೀರಿನ ಮೇಲಣ ಪಾಚಿ ಒಮ್ಮೆ ಬಿರಿದು ಮತ್ತೆ ಮುಚ್ಚಿಕೊಳ್ಳುವುದು. ಅಕ್ಕನ ಗುಟ್ಟನ್ನು ಕಾಪಾಡಿದ ತಮ್ಮಂದಿರು ಇಬ್ಬರೂ. ಆದರೆ ಅಪುವಿಗೆ ಎಸೆಯಲು ಒಂದು ವಸ್ತುವಿದ್ದಿತು, ಅದನ್ನು ನುಂಗಿಕೊಳ್ಳಲು ಒಂದು ಕೊಳವಿದ್ದಿತು. ನಾಣಿಯ ಕೈಯಲ್ಲಿ ಎಸೆಯತಕ್ಕದ್ದೇನೂ ಇಲ್ಲ.

ಉಪನಿಷತ್ತುಗಳಲ್ಲಿಯೂ ಮನೆಬಿಟ್ಟು ಅಲೆದ ಬಾಲಕರಿದ್ದಾರೆ. ತಂದೆಯು ಸಿಟ್ಟಿನಿಂದ ಆಡಿದ ಮಾತಿಗೆ ಕಟ್ಟುಬಿದ್ದು ಮೃತ್ಯುವಿನ ಮನೆಗೆ ಹೋದ ನಚಿಕೇತನು ಅಲ್ಲಿ ಮೂರು ರಾತ್ರಿ ಉಪವಾಸ ಕಾದನು. ತಂದೆ ಯಾರೆಂದು ತಿಳಿಯದ ಸತ್ಯಕಾಮನಿಗೆ ಗುರುವು ನಾನೂರು ಬಡಕಲು ಹಸುಗಳನ್ನು ಒಪ್ಪಿಸಿದನು. ಅವು ಸಾವಿರವಾಗುವವರೆಗೆ ಹಿಂದಿರುಗೆನೆಂದು ಹುಡುಗನು ವರ್ಷಗಟ್ಟಲೆ ಕಾಡಿನಲ್ಲಿದ್ದನು. ಆ ವರ್ಷಗಳ ಸಂಜೆಗಳನ್ನು ಉಪನಿಷತ್ತು ವರ್ಣಿಸುವುದಿಲ್ಲ. ವರ್ಣಿಸಿದ್ದರೆ ಚೆನ್ನಾಗಿತ್ತು. ಆದರೂ ಆ ಇಬ್ಬರು ಬಾಲಕರು ಭಾಗ್ಯವಂತರು. ಯಮನು ನಚಿಕೇತನ ಪ್ರಶ್ನೆಗೆ ಉತ್ತರ ಕೊಟ್ಟನು. ಸತ್ಯಕಾಮನೊಡನೆ ಹೋರಿ ಮಾತಾಡಿತು, ಅಗ್ನಿ ಮಾತಾಡಿತು, ಹಂಸ ಮಾತಾಡಿತು, ನೀರುಹಕ್ಕಿ ಮಾತಾಡಿತು. ಕಾಡೇ ಅವನಿಗೆ ಪಾಠಶಾಲೆಯಾಯಿತು. ನಾಣಿಗೆ ಪಾಠಶಾಲೆಯೇ ಕಾಡಾಯಿತು. ಅವನೊಡನೆ ಯಾವ ಹಕ್ಕಿಯೂ ಮಾತಾಡಲಿಲ್ಲ.

ರಾತ್ರಿಯ ಕಾಡಿನಲ್ಲಿ ಈ ಹುಡುಗನೂ ಯಮುನೆಯೂ ಅಲೆಯುವ ಭಾಗವೇ ಚಿತ್ರದ ಜೀವಾಳ. ಬದುಕು ಸಾಕೆನಿಸಿದ ಯಮುನೆ ಹುತ್ತದ ಬಾಯಿಗೆ ಕೈಯಿಡುತ್ತಾಳೆ. ಹಾವು ಕಚ್ಚಲೆಂದು ಅವಳ ಬಯಕೆ. ಹುತ್ತಕ್ಕೆ ಹಾಲೆರೆಯುವ ಹೆಂಗಸರನ್ನು ನಾಗರಪಂಚಮಿಯಲ್ಲಿ ನೋಡಿದ ಮಕ್ಕಳಿಗೆ ಹುತ್ತವೆಂದರೆ ದೇವರ ಜಾಗ. ಅಲ್ಲಿ ಕೈಮುಗಿಯಬೇಕು, ಕೈ ಹಾಕಬಾರದು. ಲೋಹಿತಾಶ್ವನು ತಿಳಿಯದೆ ಇಟ್ಟ ಕೈಯನ್ನು ಇವಳು ತಿಳಿದೇ ಇಡುತ್ತಾಳೆ. ಅವನನ್ನು ಕಚ್ಚಿದ ಹಾವು ಇವಳನ್ನು ಕಚ್ಚಲೊಲ್ಲದು. ಇಲ್ಲಿ ಜತೆಯ ಹುಡುಗನು ಓಡಿಹೋಗುವ ಗೆಳೆಯನಲ್ಲ ಎಂಬುದಷ್ಟೇ ಸಮಾಧಾನ. ಈ ಇಬ್ಬರಲ್ಲಿ ಮಗು ಯಾರು, ದೊಡ್ಡವರು ಯಾರು ಎಂಬುದು ಆ ಕತ್ತಲಿನಲ್ಲಿ ತಿಳಿಯದಂತಾಗುವುದು. ಯಮುನೆಯೂ ಮಗುವಾಗಿರುವಾಗಲೇ ಮದುವೆಯೆಂಬ ದೂರದೇಶಕ್ಕೆ ಕಳುಹಿಸಲ್ಪಟ್ಟು, ಅಲ್ಲಿ ನೆಲೆಯೂರುವ ಮೊದಲೇ ಹಿಂದಕ್ಕೆ ಬಂದವಳಲ್ಲವೆ? ಅಲೆಯುವ ಮಕ್ಕಳು ಈ ಚಿತ್ರದಲ್ಲಿ ಒಬ್ಬನಲ್ಲ, ಇಬ್ಬರು.

ಇನ್ನು ಘಟಶ್ರಾದ್ಧವೆಂಬ ಕರ್ಮದ ವಿಷಯ. ಬದುಕಿರುವವರನ್ನು ಸತ್ತವರೆಂದು ಸಾರುವ ಈ ವಿಧಿ ಯಾರೋ ಅಗ್ರಹಾರದವರು ಕಟ್ಟಿಕೊಂಡುದಲ್ಲ; ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯದಲ್ಲಿ ಪತಿತರಾದವರ ಪ್ರಸಂಗದಲ್ಲಿ ಇದರ ಮೂಲವಿದೆ. ಊರ ಹೊರಗೆ, ಅಶುಭದಿನದ ಸಂಜೆಯಲ್ಲಿ, ಬಂಧುಗಳ ಸಮಕ್ಷದಲ್ಲಿ ಪತಿತನಿಗೆ ನೀರು ಬಿಡಬೇಕು. ದಾಸಿಯೊಬ್ಬಳು ನೀರು ತುಂಬಿದ ಕೊಡವನ್ನು ಪ್ರೇತಕ್ಕೆ ಮಾಡುವಂತೆ ಕಾಲಿನಿಂದ ಒದ್ದು ಉರುಳಿಸಬೇಕು. ಅಲ್ಲಿಂದ ಮುಂದೆ ಅವನೊಡನೆ ಮಾತು, ಪಂಕ್ತಿ, ದಾಯಭಾಗ ಯಾವುದೂ ಇಲ್ಲ. ಇಷ್ಟನ್ನು ಪಾಠಶಾಲೆಗಳಲ್ಲಿ ಓದಿದವರೆಲ್ಲರೂ ಬಲ್ಲರು, ಅಥವಾ ಬಲ್ಲೆವೆಂದು ಹೇಳಿಕೊಳ್ಳುವರು. ಆದರೆ ಅದೇ ಅಧ್ಯಾಯದಲ್ಲಿ, ಅದೇ ಪ್ರಸಂಗದಲ್ಲಿ, ಎರಡು ಮೂರು ಶ್ಲೋಕಗಳ ಅಂತರದಲ್ಲಿ ಮತ್ತೆರಡು ಮಾತುಗಳಿವೆ. ಪ್ರಾಯಶ್ಚಿತ್ತವು ಮುಗಿದ ಮೇಲೆ ಬಂಧುಗಳು ಅವನೊಡನೆ ಪುಣ್ಯಜಲಾಶಯದಲ್ಲಿ ಮಿಂದು ನೀರು ತುಂಬಿದ ಹೊಸ ಕೊಡವೊಂದನ್ನು ಆ ನೀರಿನೊಳಗೆ ಬಿಡಬೇಕು; ಆಗ ಅವನು ಮನೆಯೊಳಕ್ಕೆ ಬಂದು ಮೊದಲಿನಂತೆ ಜ್ಞಾತಿಕಾರ್ಯಗಳಲ್ಲಿ ಸೇರುವನು. ಒದ್ದ ಕೊಡವುಂಟು, ಬಿಟ್ಟ ಕೊಡವೂ ಉಂಟು. ಹೊರಗೆ ಹೋಗುವ ಬಾಗಿಲು ಒಳಗೆ ಬರುವ ಬಾಗಿಲೂ ಆಗಿದೆ. ಎರಡನೆಯ ಮಾತು ಇನ್ನೂ ಮುಖ್ಯವಾದುದು. ಪತಿತರಾದ ಹೆಂಗಸರ ವಿಷಯದಲ್ಲಿಯೂ ಈ ವಿಧಿಯನ್ನು ಹೇಳಿ, ಆದರೆ ಅವರಿಗೆ ಬಟ್ಟೆ, ಅನ್ನ, ನೀರುಗಳನ್ನು ಕೊಡತಕ್ಕದ್ದೆಂದೂ ಅವರು ಮನೆಯ ಸಮೀಪದಲ್ಲಿಯೇ ವಾಸಿಸತಕ್ಕದ್ದೆಂದೂ ಸ್ಮೃತಿಕಾರನು ವಿಧಿಸಿರುವನು.

ಇದನ್ನು ಹೇಳಿದುದು ಸ್ಮೃತಿಯನ್ನು ಸಮರ್ಥಿಸುವುದಕ್ಕಲ್ಲ. ಮನೆಯ ಸಮೀಪದಲ್ಲಿ, ಮನೆಯೊಳಗಲ್ಲ, ಎಂದು ಒಬ್ಬ ಮಗಳನ್ನು ಕೂರಿಸುವ ವಿಧಿಯೂ ದಯೆಯೆನಿಸಲಾರದು. ಆದರೆ ಆ ಗ್ರಂಥವೇ ಬಿಟ್ಟುಕೊಟ್ಟ ಆ ಒಂದು ಮೂಲೆಯನ್ನು, ಆ ಒಂದು ತುತ್ತು ಅನ್ನವನ್ನು, ಅಗ್ರಹಾರವು ಕಿತ್ತುಕೊಂಡಿತು. ಚಿತ್ರದ ಉಡುಪರು ವೇದವನ್ನು ಬಲ್ಲವರು, ಮಕ್ಕಳಿಗೆ ಹೇಳಿಕೊಡುವವರು. ಕೊಡವನ್ನು ಒಡೆಯುವ ಶ್ಲೋಕವು ಅವರಿಗೆ ನೆನಪಿದ್ದು ಅನ್ನ ಕೊಡುವ ಶ್ಲೋಕವು ನೆನಪಾಗದೆ ಹೋದುದು ಪಾಂಡಿತ್ಯದ ಲೋಪವೋ ಎದೆಯ ಲೋಪವೋ ಎಂಬುದನ್ನು, ಪಾಠಶಾಲೆಗಳಲ್ಲಿ ಬೆಳೆದ ಪ್ರತಿಯೊಬ್ಬರೂ ಕೇಳಿಕೊಳ್ಳಬೇಕಾಗಿದೆ. ಶಬ್ದಗಳನ್ನು ಸ್ವರ ತಪ್ಪದಂತೆ ಕಾಪಾಡಿಕೊಂಡು ಬಂದ ಒಂದು ಪರಂಪರೆಯು ಮನೆಯ ಮಗಳನ್ನು ಕಾಪಾಡಲಿಲ್ಲ. ಮನುವು ಮನೆಯ ಸಮೀಪವೆಂದು ಹೇಳಿದ ಆ ಜಾಗವಾಗಿ ಯಮುನೆಗೆ ಕೊನೆಗೆ ಉಳಿದವನು ಎಂಟೊಂಬತ್ತು ವರ್ಷದ ನಾಣಿಯೊಬ್ಬನೇ. ಅವನನ್ನೂ ಮಾರನೆಯ ದಿನವೋ ಅದರ ಮಾರನೆಯ ದಿನವೋ ತಂದೆ ಬಂದು ಕರೆದುಕೊಂಡು ಹೋಗುವವನಿದ್ದಾನೆ.

‘ಘಟಶ್ರಾದ್ಧ’ಕ್ಕೆ ನಾಲ್ಕು ವರ್ಷ ಮೊದಲು, ೧೯೭೩ರಲ್ಲಿ, ಗಿರೀಶ ಕಾರ್ನಾಡರು ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯಿಂದ ‘ಕಾಡು’ ಎಂಬ ಚಿತ್ರವನ್ನು ತೆಗೆದಿದ್ದರು. ಅಲ್ಲಿಯೂ ಒಬ್ಬ ಬಾಲಕ, ಕಿಟ್ಟಿ; ಮಾವನ ಮನೆಯಲ್ಲಿ ಬೆಳೆಯುತ್ತಿರುವವನು; ಎರಡು ಊರುಗಳ ಹಗೆ, ನಡುವೆ ಒಂದು ಕಾಡು. ಆ ಕಾಡಿನಲ್ಲಿ ಹೆಸರು ಹಿಡಿದು ಕೂಗುವ ಹಕ್ಕಿಯೊಂದಿದೆಯೆಂದೂ, ಓಗೊಟ್ಟವನು ಉಳಿಯನೆಂದೂ ಜನ ನಂಬಿರುವರು. ಕಿಟ್ಟಿಯೂ ನೋಡುವ ಬಾಲಕನೇ. ಆದರೆ ಅವನನ್ನು ಕಾಡು ಕರೆಯುವುದು. ಕರೆಯುವವರೊಬ್ಬರಿದ್ದರೆ, ಅದು ಮೃತ್ಯುವೇ ಆಗಿರಲಿ, ಒಂಟಿತನಕ್ಕೆ ಒಂದು ಕೊನೆಯುಂಟು. ಈ ಕಾರಣದಿಂದ ‘ಕಾಡು’ ಭಯಂಕರವಾದ ಚಿತ್ರ, ‘ಘಟಶ್ರಾದ್ಧ’ ಅದಕ್ಕಿಂತ ವಿಷಣ್ಣವಾದ ಚಿತ್ರ.

ಇದು ಹಳೆಯ ಅಗ್ರಹಾರಗಳ ಮಾತು, ಈಗ ವಿಧವೆಯರ ತಲೆ ಬೋಳಿಸುವವರಿಲ್ಲ, ಘಟಶ್ರಾದ್ಧ ಮಾಡುವವರಿಲ್ಲ ಎಂದು ಯಾರಾದರೂ ಹೇಳಬಹುದು. ನಿಜ. ಆದರೆ ಮನೆಬಿಟ್ಟು ಬಂದ ಮಕ್ಕಳನ್ನು ನೋಡಲು ಈ ಬೆಟ್ಟಗಳಲ್ಲಿ ಅಗ್ರಹಾರಕ್ಕೆ ಹೋಗಬೇಕಾದುದಿಲ್ಲ. ಕಾಫಿಯ ತೋಟಕ್ಕೆ ಹೋದರೆ ಸಾಕು. ಹಿಂದೆ ಘಟ್ಟದ ಕೆಳಗಿನಿಂದಲೂ ತಮಿಳುಸೀಮೆಯಿಂದಲೂ ಆಳುಗಳು ಮೇಸ್ತ್ರಿಗಳ ಹಿಂದೆ ಬರುತ್ತಿದ್ದರು. ಈಚಿನ ವರ್ಷಗಳಲ್ಲಿ ಅಸ್ಸಾಮಿನಂಥ ದೂರದ ಪ್ರಾಂತಗಳಿಂದಲೂ ಬರುತ್ತಿದ್ದಾರೆ. ಅವರೊಡನೆ ಮಕ್ಕಳೂ ಬರುವರು. ಹಣ್ಣು ಕೊಯ್ಯುವ ಸುಗ್ಗಿಯಲ್ಲಿ ತಾಯಿ ಸೊಂಟಕ್ಕೆ ಚೀಲ ಕಟ್ಟಿ ಗಿಡದ ಸಾಲು ಹಿಡಿದು ಹೋದರೆ, ಐದಾರು ವರ್ಷದ ಹುಡುಗಿಯೊಬ್ಬಳು ತಮ್ಮನನ್ನು ಮಡಿಲಲ್ಲಿಟ್ಟುಕೊಂಡು ಸಿಲ್ವರ್ ಮರದ ಕೆಳಗೆ ಕುಳಿತಿರುವಳು. ಅವಳ ಮಾತು ಲೈನುಮನೆಯ ನಾಲ್ಕು ಗೋಡೆಗಳ ಆಚೆಗೆ ಯಾರಿಗೂ ತಿಳಿಯದು. ಶಾಲೆಗೆ ಸೇರಿಸಿದರೂ ಉಪಾಧ್ಯಾಯರು ಕೇಳಿದುದು ಅವಳಿಗೆ ಅರ್ಥವಾಗದು, ಅವಳು ಹೇಳಿದುದು ಅವರಿಗೆ ಅರ್ಥವಾಗದು. ಅರ್ಥವಾಗುವಷ್ಟರಲ್ಲಿ ಸುಗ್ಗಿ ಮುಗಿದು ಅವರು ಗಂಟು ಕಟ್ಟಿರುವರು. ಕಂಡುದನ್ನು ಹೇಳಲು ಶಬ್ದವಿಲ್ಲದಿರುವುದೇ ಒಂಟಿತನವಾದರೆ, ಆ ಹುಡುಗಿಯೂ ನಾಣಿಯ ಒಡಹುಟ್ಟೇ. ತೋಟದ ಜಗಲಿಯಲ್ಲಿ ಕುಳಿತು ಕಾಫಿ ಕುಡಿಯುವವರು ಆ ಮರದ ಕಡೆಗೂ ಒಮ್ಮೆ ನೋಡುವುದು ಒಳ್ಳೆಯದು.

ಪರದೇಶದ ಒಂದು ಚಿತ್ರವನ್ನು ಇಲ್ಲಿ ಸ್ಮರಿಸಬೇಕು. ಗ್ರೀಸ್ ದೇಶದ ಥಿಯೋ ಆಂಗೆಲೋಪುಲೋಸ್ ಎಂಬ ನಿರ್ದೇಶಕನು ೧೯೮೮ರಲ್ಲಿ ಮಾಡಿದ ಚಿತ್ರ; ಅದರ ಹೆಸರನ್ನು ಕನ್ನಡದಲ್ಲಿ ‘ಮಂಜಿನೊಳಗಣ ಭೂದೃಶ್ಯ’ ಎನ್ನಬಹುದು. ವೂಲಾ ಎಂಬ ಹುಡುಗಿ, ಅಲೆಕ್ಸಾಂದ್ರೋಸ್ ಎಂಬ ಅವಳ ಪುಟ್ಟ ತಮ್ಮ. ಎಂದೂ ಕಾಣದ ತಂದೆ ಜರ್ಮನಿಯಲ್ಲಿರುವನೆಂದು ನಂಬಿ ಅವರು ಚೀಟಿಯಿಲ್ಲದೆ ರೈಲು ಹತ್ತಿ ಹೊರಡುತ್ತಾರೆ. ಹಿಮ ಬೀಳುವ ರಾತ್ರಿಯಲ್ಲಿ ಸಾಯುತ್ತಿರುವ ಕುದುರೆಯೊಂದರ ಬಳಿ ತಮ್ಮನು ನಿಂತು ಅಳುತ್ತಾನೆ. ಮದುವೆಯ ದಿಬ್ಬಣವೊಂದು ಹಿಂದೆ ಹಾಡುತ್ತ ಹೋಗುವುದು. ಅಕ್ಕನ ಮೇಲೆ ದಾರಿಯಲ್ಲಿ ನಡೆಯಬಾರದುದು ನಡೆಯುವುದು. ಅಲ್ಲಿಯೂ ಮಂಜು, ಮಳೆ, ನಿಶ್ಶಬ್ದ. ಅಲ್ಲಿಯೂ ಅಕ್ಕ ತಮ್ಮ. ಅಲ್ಲಿಯೂ ತಂದೆಯೆಂಬುವನು ಇದ್ದೂ ಇಲ್ಲದವನು. ಆ ವರ್ಷ ವೆನಿಸ್ ನಗರದ ಚಲಚ್ಚಿತ್ರೋತ್ಸವದಲ್ಲಿ ಅದಕ್ಕೆ ಬೆಳ್ಳಿಯ ಸಿಂಹದ ಮನ್ನಣೆ ದೊರೆಯಿತು. ಕಾಲಕ್ರಮದಲ್ಲಿ ಸವೆದಿದ್ದ ‘ಘಟಶ್ರಾದ್ಧ’ವನ್ನು ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಷನ್ನ್ ಮುಂತಾದ ಸಂಸ್ಥೆಗಳು ಸೇರಿ ಜೀರ್ಣೋದ್ಧಾರ ಮಾಡಿಸಿ ಮತ್ತೆ ಪ್ರದರ್ಶಿಸಿದುದೂ ಅದೇ ವೆನಿಸಿನಲ್ಲಿ, ೨೦೨೪ರಲ್ಲಿ. ೪೭ ವರ್ಷಗಳ ಮೇಲೆ ನಾಣಿಯು ಸಮುದ್ರದಾಚೆಯ ಊರಿಗೆ ಹೋಗಿ, ಅಲ್ಲಿ ಮೊದಲೇ ಅಲೆದಿದ್ದ ಇಬ್ಬರು ಮಕ್ಕಳನ್ನು ಕೂಡಿಕೊಂಡನು. ವಟುವು ಸಮುದ್ರವನ್ನು ದಾಟಬಾರದೆಂಬ ಹಳೆಯ ನಿಷೇಧವನ್ನು ಯಾರೂ ಎತ್ತಲಿಲ್ಲ.

ಆ ಗ್ರೀಕ್ ಚಿತ್ರದ ಕೊನೆಯಲ್ಲಿ ಒಂದು ಮರವಿದೆ. ಮಂಜು ಸರಿದಂತೆ ಅದು ಕಾಣಿಸುವುದು. ಮಕ್ಕಳಿಬ್ಬರೂ ಓಡಿಹೋಗಿ ಅದನ್ನು ಅಪ್ಪಿಕೊಳ್ಳುವರು. ‘ಘಟಶ್ರಾದ್ಧ’ದ ಕೊನೆಯಲ್ಲಿಯೂ ಒಂದು ಮರವಿದೆ. ಅದರ ಬುಡದಲ್ಲಿ ತಲೆ ಬೋಳಿಸಿದ ಯಮುನೆ ಕುಳಿತಿದ್ದಾಳೆ. ಅದರತ್ತ ಓಡಿಹೋಗುವ ಸ್ವಾತಂತ್ರ್ಯ ಈ ಹುಡುಗನಿಗಿಲ್ಲ. ಅವನ ಕೈ ತಂದೆಯ ಕೈಯಲ್ಲಿದೆ. ಬಂದ ದಾರಿಯಲ್ಲಿಯೇ ಅವನು ಹಿಂದಿರುಗುತ್ತಾನೆ, ನಡೆಯುತ್ತ ನಡೆಯುತ್ತ ಹಿಂದಕ್ಕೆ ನೋಡುತ್ತಾನೆ. ತಂದೆ ದಯೆಯಿಲ್ಲದವನೇನಲ್ಲ; ಮಗನನ್ನು ಆ ಕೆಟ್ಟ ಸ್ಥಳದಿಂದ ಪಾರುಮಾಡಿಕೊಂಡು ಹೋಗುತ್ತಿದ್ದೇನೆಂದೇ ಅವನು ತಿಳಿದಿರುವನು. ಮನೆಯನ್ನು ಸೇರಿದ ಮೇಲೆ ತಾಯಿ ಕೇಳುವಳು, ಅಲ್ಲಿ ಏನು ಕಲಿತೆ ಮಗುವೇ ಎಂದು. ನಾಣಿ ಏನು ಹೇಳಿದನೆಂಬುದು ಚಿತ್ರದಲ್ಲಿಲ್ಲ.

ಚಿತ್ರದಲ್ಲಿರುವುದು ಇನ್ನೊಂದು ವಾರ್ತೆ. ಮಗಳ ಶ್ರಾದ್ಧವನ್ನು ಮುಗಿಸಿದ ವೃದ್ಧ ಉಡುಪರಿಗೆ ಹೊಸದಾಗಿ ಮದುವೆ ಗೊತ್ತಾಗಿದೆ. ಕನ್ಯೆಗೆ ಹದಿನಾರು ವರ್ಷ. ನೋಡುವವರಲ್ಲಿ ಹೆಚ್ಚಿನವರು ಆ ಮಾತನ್ನು ಉಡುಪರ ಮೇಲಣ ತೀರ್ಪೆಂದು ಕೇಳಿ ಮುಂದೆ ಹೋಗುವರು. ಆದರೆ ಆ ಹುಡುಗಿಯೂ ತನ್ನ ಕಣಿವೆಯ ಒಂಟಿಮನೆಯಿಂದ ತಂದೆಯ ಹಿಂದೆ, ಅದೇ ಕಾಡುದಾರಿಯಲ್ಲಿ, ಅದೇ ಮರದ ಪಕ್ಕದಿಂದ ನಡೆದು ಬರಬೇಕಷ್ಟೆ. ಆಗ ಬುಡದಲ್ಲಿ ಯಾರಾದರೂ ಕುಳಿತಿರುವರೋ ಇಲ್ಲವೋ.